ಜಪಾನಿನ ವಿದ್ಯಾರ್ಥಿನಿಯರು ಮತ್ತು ಒಂದು ಸರಕಾರದ ಮೌನ

ಹಕ್ಕೊಂದನ್ನು ಕಾನೂನಿನ ಪುಸ್ತಕದಲ್ಲಿ ಬರೆದಿಟ್ಟ ಮಾತ್ರಕ್ಕೆ ಅದು ಹಕ್ಕುದಾರರ ಕೈಗೆ ತಲುಪುವುದಿಲ್ಲ. ಕೇಳಿ ಪಡೆಯುವ ಧೈರ್ಯ ಮತ್ತು ಕೇಳಿದಾಗ ಮನ್ನಿಸುವ ಮನಸ್ಸು, ಇವೆರಡೂ ಸಮಾಜದಲ್ಲಿ ಇರಬೇಕಾಗುತ್ತದೆ. ಆರೋಗ್ಯದ ವಿಷಯದಲ್ಲಂತೂ ಈ ಮಾತು ಇನ್ನಷ್ಟು ಸತ್ಯ. ಲಸಿಕೆ ಉಚಿತವಾಗಿದ್ದರೂ ಪಡೆಯದ ಮಕ್ಕಳಿದ್ದಾರೆ. ರಜೆಯ ಹಕ್ಕಿದ್ದರೂ ನೋವು ನುಂಗಿಕೊಂಡು ದುಡಿಯುವ ಹೆಣ್ಣುಮಕ್ಕಳಿದ್ದಾರೆ. ಈ ಎರಡು ಸಂಗತಿಗಳು ಒಂದೇ ದೇಶದ ಒಂದೇ ತಲೆಮಾರಿನ ಬದುಕಿನಲ್ಲಿ ಹೇಗೆ ಒಂದುಗೂಡಿದವು ಎಂಬುದನ್ನು ತಿಳಿಯಬೇಕಾದರೆ ಜಪಾನಿನ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವ ಮತ್ತು ಈಗಷ್ಟೇ ಓದು ಮುಗಿಸಿ ಉದ್ಯೋಗಕ್ಕೆ ಕಾಲಿಟ್ಟಿರುವ ಯುವತಿಯರ ಕಡೆಗೆ ನಾವು ದೃಷ್ಟಿ ಹರಿಸಬೇಕು. ದೂರದ ದೇಶದ ಈ ಕಥೆಯಲ್ಲಿ ನಮ್ಮ ಮನೆಗಳಿಗೂ ಅನ್ವಯಿಸುವ ಪಾಠವಿದೆ.

ಮೊದಲು ಉದ್ಯೋಗದ ವಿಚಾರವನ್ನು ನೋಡೋಣ. ಎರಡನೆಯ ಮಹಾಯುದ್ಧದ ವಿನಾಶದಿಂದ ಮೇಲೇಳುತ್ತಿದ್ದ ಜಪಾನ್ 1947ರಲ್ಲಿ ಕಾರ್ಮಿಕ ಮಾನದಂಡಗಳ ಕಾಯಿದೆಯನ್ನು ಜಾರಿಗೊಳಿಸಿತು. ಮುಟ್ಟಿನ ದಿನಗಳಲ್ಲಿ ದುಡಿಯುವುದು ಅತಿ ಕಷ್ಟವಾಗಿರುವ ಮಹಿಳೆ ರಜೆ ಕೇಳಿದರೆ ಆಕೆಯನ್ನು ಕೆಲಸಕ್ಕೆ ಹಚ್ಚಬಾರದು ಎಂದು ಆ ಕಾಯಿದೆಯ 68ನೆಯ ವಿಧಿ ಹೇಳುತ್ತದೆ. ಜಗತ್ತಿನ ಬಹುತೇಕ ದೇಶಗಳು ಇಂತಹ ವಿಷಯವನ್ನು ಆಲೋಚಿಸಿಯೇ ಇರದ ಕಾಲವದು. 1965ರಲ್ಲಿ ದುಡಿಯುವ ಮಹಿಳೆಯರ ಪೈಕಿ ಸುಮಾರು ಕಾಲು ಭಾಗದಷ್ಟು ಮಂದಿ ಈ ರಜೆಯನ್ನು ಬಳಸಿಕೊಳ್ಳುತ್ತಿದ್ದರು. ಆದರೆ 2020ರ ಸರಕಾರಿ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇಕಡಾ 0.9ಕ್ಕೆ ಇಳಿದಿತ್ತು. ಅಂದರೆ ನೂರರಲ್ಲಿ ಒಬ್ಬ ಮಹಿಳೆಯೂ ಈ ರಜೆಯನ್ನು ಕೇಳುತ್ತಿರಲಿಲ್ಲ.

ಕಾಯಿದೆ ರದ್ದಾಗಿರಲಿಲ್ಲ, ಸ್ತ್ರೀಯರ ದೇಹಪ್ರಕೃತಿಯೂ ಬದಲಾಗಿರಲಿಲ್ಲ. ರಜೆಗೆ ವೇತನ ಕೊಡಲೇಬೇಕೆಂದು ಕಾಯಿದೆ ಹೇಳದಿರುವುದು ಈ ಇಳಿಕೆಗೆ ಒಂದು ಕಾರಣ. ಅದಕ್ಕಿಂತಲೂ ದೊಡ್ಡ ಕಾರಣ ನಾಲಿಗೆಗೆ ಬಿದ್ದ ಬೀಗ. ಮೇಲಧಿಕಾರಿ ಹೆಚ್ಚಾಗಿ ಪುರುಷನೇ ಆಗಿರುವ ಕಚೇರಿಯಲ್ಲಿ ಯುವತಿಯೊಬ್ಬಳು ತನ್ನ ದೇಹದ ಅತ್ಯಂತ ಖಾಸಗಿ ವಿಷಯವನ್ನು ಹೇಳಿ ರಜೆ ಕೇಳಬೇಕು. ತಾನು ಬಾರದಿದ್ದರೆ ಸಹೋದ್ಯೋಗಿಗಳ ಮೇಲೆ ಹೊರೆ ಬೀಳುತ್ತದೆ ಎಂಬ ಅಳುಕು ಒಂದು ಕಡೆ, ಎಲ್ಲರೂ ಸಹಿಸುತ್ತಾರೆ, ನಿನಗೇಕೆ ಆಗದು ಎಂಬ ನೋಟ ಇನ್ನೊಂದು ಕಡೆ. ಸಹನೆಯನ್ನೇ ದೊಡ್ಡ ಗುಣವೆಂದು ಕಲಿಸುವ ಸಮಾಜದಲ್ಲಿ ನೋವನ್ನು ಹೇಳಿಕೊಳ್ಳುವುದು ದೌರ್ಬಲ್ಯವೆಂದು ಎಣಿಸಲ್ಪಡುತ್ತದೆ. ಈ ಸಹನೆಗೂ ಒಂದು ಬೆಲೆಯಿದೆ. ಮುಟ್ಟಿನ ತೊಂದರೆ, ಮುಟ್ಟು ನಿಲ್ಲುವ ಕಾಲದ ಸಂಕಟಗಳು, ಬಂಜೆತನದ ಚಿಕಿತ್ಸೆ ಮತ್ತು ಸ್ತ್ರೀಯರ ಕ್ಯಾನ್ಸರುಗಳಿಂದಾಗಿ ದೇಶಕ್ಕೆ ವರ್ಷಕ್ಕೆ ಸುಮಾರು 3.4 ಲಕ್ಷ ಕೋಟಿ ಯೆನ್ ನಷ್ಟವಾಗುತ್ತಿದೆ ಎಂದು ಜಪಾನಿನ ಅರ್ಥ ಮತ್ತು ಕೈಗಾರಿಕಾ ಸಚಿವಾಲಯವು 2024ರಲ್ಲಿ ಅಂದಾಜಿಸಿತು. ಹಣದ ಲೆಕ್ಕ ಹಾಕಿದ ಮೇಲೆಯೇ ಹೆಣ್ಣಿನ ನೋವು ಕಣ್ಣಿಗೆ ಬೀಳಬೇಕಾಯಿತೇ ಎಂದು ನಾವು ಕೇಳಬಹುದು. ಆದರೂ ಕಂಡಿತಲ್ಲ ಎಂಬುದೇ ಸಮಾಧಾನ.

ಈ ನಷ್ಟದ ಪಟ್ಟಿಯಲ್ಲಿರುವ ಗರ್ಭಕಂಠದ ಕ್ಯಾನ್ಸರ್ ನಮ್ಮನ್ನು ಲಸಿಕೆಯ ವಿಷಯಕ್ಕೆ ಕರೆದೊಯ್ಯುತ್ತದೆ. ಜಪಾನಿನಲ್ಲಿ ಪ್ರತಿ ವರ್ಷ ಸುಮಾರು 10,000 ಮಹಿಳೆಯರು ಈ ಕ್ಯಾನ್ಸರಿಗೆ ತುತ್ತಾಗುತ್ತಾರೆ, ಹತ್ತಿರಹತ್ತಿರ 2,900 ಮಂದಿ ಸಾಯುತ್ತಾರೆ. ಮೂವತ್ತು ನಲವತ್ತರ ಪ್ರಾಯದಲ್ಲಿ, ಎಳೆಯ ಮಕ್ಕಳಿರುವಾಗಲೇ ಬಂದೆರಗುವುದರಿಂದ ಅಲ್ಲಿನ ಜನರು ಇದನ್ನು 'ತಾಯಂದಿರನ್ನು ಕೊಲ್ಲುವ ರೋಗ' ಎಂದು ಕರೆಯುತ್ತಾರೆ. ಇದಕ್ಕೆ ಬಹುಪಾಲು ಕಾರಣವಾಗಿರುವುದು ಎಚ್‌ಪಿವಿ ಎಂಬ ವೈರಸ್. ಅದು ದೇಹವನ್ನು ಹೊಕ್ಕ ಮೇಲೆ ಹಲವು ವರ್ಷಗಳ ಕಾಲ ಯಾವ ಸೂಚನೆಯನ್ನೂ ಕೊಡದೆ ಉಳಿಯಬಲ್ಲದು. ಆದ್ದರಿಂದ ಎರಡು ಕಾವಲುಗಳು ಬೇಕು. ಬಾಲ್ಯದ ಕೊನೆಯಲ್ಲಿ ಲಸಿಕೆ, ಪ್ರಾಯದಲ್ಲಿ ನಿಯತವಾದ ತಪಾಸಣೆ. ಜಪಾನಿನಲ್ಲಿ 20 ವರ್ಷದಿಂದ ಆರಂಭಿಸಿ ಎರಡು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿಕೊಳ್ಳುವಂತೆ ಸಲಹೆಯಿದ್ದರೂ ಅರ್ಧಕ್ಕಿಂತ ಕಡಿಮೆ ಮಹಿಳೆಯರು ಮಾತ್ರ ಅದನ್ನು ಪಾಲಿಸುತ್ತಾರೆ. ಉದ್ಯೋಗಿಗಳಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಮಾಡಿಸಬೇಕೆಂಬ ಕಾನೂನು 1972ರಿಂದಲೇ ಇದೆ. ರಕ್ತದೊತ್ತಡ, ಎದೆಯ ಎಕ್ಸ್-ರೇ ಮೊದಲಾದವು ಅದರಲ್ಲಿ ಸೇರಿವೆ, ಗರ್ಭಕಂಠದ ತಪಾಸಣೆ ಕಡ್ಡಾಯದ ಪಟ್ಟಿಯಲ್ಲಿ ಸೇರಿಲ್ಲ. ಅವಿವಾಹಿತ ಯುವತಿಯರು ಸ್ತ್ರೀರೋಗ ತಜ್ಞರ ಬಾಗಿಲು ತುಳಿಯಲು ಇಂದಿಗೂ ಅಲ್ಲಿ ಹಿಂಜರಿಯುತ್ತಾರೆ.

ಇನ್ನು ಲಸಿಕೆಯ ಕಥೆ. 2010ರ ಕೊನೆಯಲ್ಲಿ ಜಪಾನ್ ಸರಕಾರ ಎಚ್‌ಪಿವಿ ಲಸಿಕೆಗೆ ಧನಸಹಾಯ ನೀಡತೊಡಗಿತು. ಹೆತ್ತವರು ಉತ್ಸಾಹದಿಂದಲೇ ಸ್ಪಂದಿಸಿದರು. 1990ರ ದಶಕದ ನಡುವಿನಿಂದ ಕೊನೆಯವರೆಗೆ ಜನಿಸಿದ ಹೆಣ್ಣುಮಕ್ಕಳಲ್ಲಿ ಶೇಕಡಾ 70ರಷ್ಟು ಮಂದಿ ಲಸಿಕೆ ಪಡೆದರು. 2013ರ ಎಪ್ರಿಲಿನಲ್ಲಿ ಅದನ್ನು 12ರಿಂದ 16ರ ಪ್ರಾಯದ ಹುಡುಗಿಯರಿಗೆ ನಿಯತ ಲಸಿಕೆಯಾಗಿ ಉಚಿತಗೊಳಿಸಲಾಯಿತು. ಅದೇ ಹೊತ್ತಿಗೆ ಲಸಿಕೆಯ ಬಳಿಕ ಮೈಕೈ ನೋವು, ನಡುಕ, ನಡೆಯಲಾಗದ ಸ್ಥಿತಿಯಿಂದ ಬಳಲುತ್ತಿದ್ದ ಕೆಲವು ಬಾಲಕಿಯರ ದೃಶ್ಯಗಳು ದೂರದರ್ಶನದಲ್ಲಿ ಮತ್ತೆ ಮತ್ತೆ ಪ್ರಸಾರವಾದವು. ನಿಯತ ಲಸಿಕೆಯಾಗಿ ಎರಡೂವರೆ ತಿಂಗಳೂ ತುಂಬಿರಲಿಲ್ಲ, ಜೂನ್ 14ರಂದು ಆರೋಗ್ಯ ಸಚಿವಾಲಯವು ವಿಚಿತ್ರವಾದ ನಿರ್ಧಾರವೊಂದನ್ನು ಪ್ರಕಟಿಸಿತು. ಲಸಿಕೆಯನ್ನು ನಿಷೇಧಿಸಲಿಲ್ಲ, ಉಚಿತವನ್ನೂ ರದ್ದು ಮಾಡಲಿಲ್ಲ. ಆದರೆ ಇನ್ನು ಮುಂದೆ ತಾನಾಗಿಯೇ ಶಿಫಾರಸು ಮಾಡುವುದಿಲ್ಲ ಎಂದಿತು. ಮನೆಮನೆಗೆ ಹೋಗಬೇಕಿದ್ದ ಪತ್ರಗಳು ನಿಂತವು.

ಲಸಿಕೆ ಒಳ್ಳೆಯದೆಂದೂ ಹೇಳದ, ಕೆಟ್ಟದ್ದೆಂದೂ ಹೇಳದ ಈ ಮೌನ ಸುಮಾರು ಒಂಬತ್ತು ವರ್ಷ ಮುಂದುವರಿಯಿತು. ಶೇಕಡಾ 70ರಷ್ಟಿದ್ದ ಲಸಿಕೆಯ ಪ್ರಮಾಣ ಒಂದಕ್ಕಿಂತಲೂ ಕೆಳಗಿಳಿಯಿತು. ಸರಕಾರವೇ ಬಾಯಿ ಮುಚ್ಚಿಕೊಂಡಿದೆಯೆಂದರೆ ಅಪಾಯವಿರಲೇಬೇಕು ಎಂದು ತಾಯಂದಿರು ಭಾವಿಸಿದ್ದರಲ್ಲಿ ಆಶ್ಚರ್ಯವೇನಿದೆ?

ಈ ಭಯವನ್ನು ಅಜ್ಞಾನವೆಂದು ಹೀಗಳೆಯುವುದು ನ್ಯಾಯವಲ್ಲ. ಜಪಾನೀಯರ ಸಂಶಯಕ್ಕೆ ಇತಿಹಾಸವಿದೆ. ಗಂಟಲಮಾರಿ, ನಾಯಿಕೆಮ್ಮು ಮತ್ತು ಧನುರ್ವಾಯುವಿನ ಲಸಿಕೆ ಪಡೆದ ಇಬ್ಬರು ಶಿಶುಗಳು 1974-75ರ ಚಳಿಗಾಲದಲ್ಲಿ ಮರಣ ಹೊಂದಿದಾಗ ಸರಕಾರ ಆ ಲಸಿಕೆಯನ್ನು ತಡೆಹಿಡಿಯಿತು. ಬಳಿಕ ಪುನರಾರಂಭಿಸಿದರೂ ಜನರು ಬರಲಿಲ್ಲ. 1979ರಲ್ಲಿ ನಾಯಿಕೆಮ್ಮು 13,000ಕ್ಕೂ ಹೆಚ್ಚು ಮಂದಿಗೆ ತಗುಲಿ 41 ಜೀವಗಳನ್ನು ಬಲಿ ಪಡೆಯಿತು. ಮುಂದೆ 1989ರಲ್ಲಿ ದಡಾರ, ಮಂಗನಬಾವು ಮತ್ತು ರುಬೆಲ್ಲಾದ ಸಂಯುಕ್ತ ಲಸಿಕೆ ಬಂದಾಗ ಅದರೊಳಗಿನ ಮಂಗನಬಾವಿನ ಅಂಶದಿಂದ ಮಕ್ಕಳಲ್ಲಿ ಮಿದುಳುಪೊರೆಯ ಉರಿಯೂತ ಕಾಣಿಸಿಕೊಂಡಿತು. 1993ರಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಅದು ಸುಳ್ಳು ವದಂತಿಯಾಗಿರಲಿಲ್ಲ, ನಿಜವಾದ ಹಾನಿಯೇ ಆಗಿತ್ತು. ನ್ಯಾಯಾಲಯಗಳು ಸರಕಾರವನ್ನು ಹೊಣೆಯಾಗಿಸಿದವು, 1994ರಲ್ಲಿ ಲಸಿಕೆ ಕಡ್ಡಾಯವೆಂಬ ನಿಯಮವನ್ನೇ ಸಡಿಲಿಸಲಾಯಿತು. ಒಮ್ಮೆ ಸುಟ್ಟುಕೊಂಡ ಕೈ ಬೆಂಕಿಯಿಂದ ದೂರವಿರುವುದು ಸಹಜ. ಆಡಳಿತದ ಅಳುಕಿನ ಹಿಂದೆಯೂ ಈ ನೆನಪುಗಳಿದ್ದವು.

ಆದರೆ ಎಚ್‌ಪಿವಿ ಲಸಿಕೆಯ ವಿಷಯದಲ್ಲಿ ಸಾಕ್ಷ್ಯ ಬೇರೆಯದನ್ನು ಹೇಳಿತು. ನಗೋಯಾ ನಗರದಲ್ಲಿ, ಲಸಿಕೆಯಿಂದ ನೊಂದವರ ಸಂಘಟನೆಯ ಕೋರಿಕೆಯ ಮೇರೆಗೇ, 2015ರಲ್ಲಿ ದೊಡ್ಡ ಸಮೀಕ್ಷೆ ನಡೆಯಿತು. ಸುಮಾರು 30,000 ಯುವತಿಯರು ಉತ್ತರಿಸಿದರು. ಲಸಿಕೆ ಪಡೆದವರಲ್ಲೂ ಪಡೆಯದವರಲ್ಲೂ 24 ಬಗೆಯ ಲಕ್ಷಣಗಳನ್ನು ಹೋಲಿಸಿ ನೋಡಿದಾಗ, ಈ ಲಕ್ಷಣಗಳಿಗೆ ಲಸಿಕೆಯೇ ಕಾರಣವೆಂದು ಹೇಳುವಂತಹ ವ್ಯತ್ಯಾಸ ಕಂಡುಬರಲಿಲ್ಲ. ಸ್ವೀಡನ್ನಿನಲ್ಲಿ ಲಕ್ಷಾಂತರ ಮಹಿಳೆಯರ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 17 ವರ್ಷಕ್ಕೆ ಮುನ್ನ ಲಸಿಕೆ ಪಡೆದವರಲ್ಲಿ ಗರ್ಭಕಂಠದ ಕ್ಯಾನ್ಸರ್ ಶೇಕಡಾ 88ರಷ್ಟು ಕಡಿಮೆಯಾಗಿತ್ತು. 2013ರಿಂದ 2019ರವರೆಗಿನ ಮೌನದ ಫಲವಾಗಿ ಜಪಾನಿನ ಆ ತಲೆಮಾರಿನ ಹೆಣ್ಣುಮಕ್ಕಳು ತಮ್ಮ ಜೀವಿತಕಾಲದಲ್ಲಿ ಹೆಚ್ಚುವರಿಯಾಗಿ ಸುಮಾರು 25,000 ಕ್ಯಾನ್ಸರ್ ಪ್ರಕರಣಗಳನ್ನೂ 5,000ಕ್ಕೂ ಹೆಚ್ಚು ಸಾವುಗಳನ್ನೂ ಎದುರಿಸಬೇಕಾದೀತು ಎಂದು ಅದೇ ವರ್ಷ ಇನ್ನೊಂದು ಅಧ್ಯಯನ ಲೆಕ್ಕ ಹಾಕಿತು.

ಹಾಗೆಂದು ಆ ಬಾಲಕಿಯರ ನೋವು ನಟನೆಯಾಗಿತ್ತೇ? ಖಂಡಿತ ಅಲ್ಲ. ನೋವಿನ ಕಾರಣ ಲಸಿಕೆಯಲ್ಲದಿದ್ದರೂ ನೋವು ನೋವೇ, ಚಿಕಿತ್ಸೆ ಮತ್ತು ಕರುಣೆ ಪಡೆಯುವ ಅಧಿಕಾರ ಅದಕ್ಕಿದೆ. ಅನೇಕ ಯುವತಿಯರು 2016ರಲ್ಲಿ ಸರಕಾರದ ಮತ್ತು ತಯಾರಕರ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. ವೈದ್ಯರು ತಮ್ಮ ಮಾತನ್ನು ನಂಬಲಿಲ್ಲ, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸಿದರು ಎಂಬುದು ಹಲವು ಕುಟುಂಬಗಳ ಅಳಲಾಗಿತ್ತು. ಹುಡುಗಿಯ ಮಾತನ್ನು ಕೇಳದ ಆ ಆಸ್ಪತ್ರೆಗೂ ಮುಟ್ಟಿನ ರಜೆ ಕೇಳಲಾಗದಂತೆ ಮಾಡಿದ ಆ ಕಚೇರಿಗೂ ಏನು ವ್ಯತ್ಯಾಸ? ಹೆಣ್ಣು ತನ್ನ ದೇಹದ ಬಗ್ಗೆ ಹೇಳಿದ್ದನ್ನು ಗಂಭೀರವಾಗಿ ಕೇಳಿಸಿಕೊಳ್ಳುವ ಕಿವಿ ಎರಡೂ ಕಡೆ ಇರಲಿಲ್ಲ. ಆ ಕಿವಿ ಇಲ್ಲದ ಕಡೆ ವದಂತಿಗೆ ಜಾಗ ಸಿಗುತ್ತದೆ. ಲಸಿಕೆಯ ನಂತರ ತೊಂದರೆ ಕಂಡವರಿಗಾಗಿ ಮುಂದೆ ಪ್ರತಿ ಪ್ರಾಂತದಲ್ಲೂ ಆಸ್ಪತ್ರೆಗಳನ್ನು ಗೊತ್ತುಮಾಡಲಾಯಿತು. ಆ ಕೆಲಸ ಮೊದಲ ದಿನವೇ ಆಗಬೇಕಿತ್ತು.

ಕೊನೆಗೆ 2022ರ ಎಪ್ರಿಲಿನಲ್ಲಿ ಶಿಫಾರಸು ಮರಳಿ ಬಂತು. ಅವಕಾಶ ತಪ್ಪಿದವರಿಗಾಗಿ, ಅಂದರೆ 1997ರ ನಂತರ ಹುಟ್ಟಿದ ಯುವತಿಯರಿಗಾಗಿ, ಮೂರು ವರ್ಷಗಳ ಉಚಿತ ಲಸಿಕೆಯ ಯೋಜನೆಯನ್ನೂ ಘೋಷಿಸಲಾಯಿತು. ಅವರಲ್ಲಿ ಬಹುಮಂದಿ ಆಗ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ಅಥವಾ ಹೊಸದಾಗಿ ಉದ್ಯೋಗಕ್ಕೆ ಸೇರಿದವರು. ಹನ್ನೆರಡರ ಪ್ರಾಯದಲ್ಲಿ ಪರವಾಗಿ ಹೆತ್ತವರು ತೆಗೆದುಕೊಂಡಿದ್ದ ನಿರ್ಧಾರವನ್ನು ಇಪ್ಪತ್ತರ ಪ್ರಾಯದಲ್ಲಿ ಅವರೇ ಮರಳಿ ಪರಿಶೀಲಿಸಬೇಕಾಯಿತು. ಲಸಿಕೆ ಏಕೆ ಪಡೆದಿಲ್ಲ ಎಂದು ವಿದ್ಯಾರ್ಥಿನಿಯರನ್ನು ಕೇಳಿದ ಸಮೀಕ್ಷೆಗಳಲ್ಲಿ ಮೂರು ಉತ್ತರಗಳು ಮತ್ತೆ ಮತ್ತೆ ಬರುತ್ತವೆ: ಅಡ್ಡಪರಿಣಾಮದ ಭಯ, ಸಾಕಷ್ಟು ಮಾಹಿತಿಯಿಲ್ಲದಿರುವುದು ಮತ್ತು ತಾಯಿಯ ಅಭಿಪ್ರಾಯ. ಇವುಗಳಲ್ಲಿ ಹಠವಾಗಲಿ ವಿಜ್ಞಾನದ್ವೇಷವಾಗಲಿ ಕಾಣುವುದಿಲ್ಲ. ಕಾಣುವುದು ಯಾರಾದರೂ ನಂಬಿಕಸ್ಥರು ಬಂದು ಹೇಳಲಿ ಎಂಬ ಕಾಯುವಿಕೆ.

ಹೇಳಿದಾಗ ಅವರು ಬಂದರು ಎಂಬುದಕ್ಕೂ ದೃಷ್ಟಾಂತಗಳಿವೆ. 2007ರಲ್ಲಿ ಟೋಕಿಯೊದ ವಿದ್ಯಾರ್ಥಿಗಳಲ್ಲಿ ದಡಾರ ಹರಡಿ ವಾಸೆದಾ ಸೇರಿದಂತೆ ಹಲವು ವಿಶ್ವವಿದ್ಯಾಲಯಗಳು ತರಗತಿಗಳನ್ನು ಮುಚ್ಚಬೇಕಾಯಿತು. ಮರುವರ್ಷದಿಂದ ಐದು ವರ್ಷ 13 ಮತ್ತು 18ರ ಪ್ರಾಯದವರಿಗೆ ಮತ್ತೊಂದು ಲಸಿಕೆ ನೀಡಲಾಯಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಜಪಾನನ್ನು ದಡಾರಮುಕ್ತವೆಂದು ದೃಢಪಡಿಸಿತು. 2021ರಲ್ಲಿ ಕೊರೊನಾ ಲಸಿಕೆಯಿಂದ ಮಕ್ಕಳಾಗುವುದಿಲ್ಲ ಎಂಬ ವದಂತಿ ಯುವತಿಯರ ನಡುವೆ ಹಬ್ಬಿದಾಗ ಲಸಿಕೆಯ ಉಸ್ತುವಾರಿ ಸಚಿವ ತಾರೊ ಕೊನೊ ಅದನ್ನು ಬಹಿರಂಗವಾಗಿ ಅಲ್ಲಗಳೆದರು. ಆ ಜೂನಿನಿಂದ ವಿಶ್ವವಿದ್ಯಾಲಯಗಳ ಆವರಣದಲ್ಲೇ ಲಸಿಕೆ ನೀಡಲಾಯಿತು. ಲಸಿಕೆಯನ್ನು ಜಗತ್ತಿನಲ್ಲೇ ಅತಿ ಕಡಿಮೆ ನಂಬುವವರು ಎನಿಸಿಕೊಂಡಿದ್ದ ಜನರಲ್ಲಿ ಸುಮಾರು ಶೇಕಡಾ 80 ಮಂದಿ ಎರಡು ಡೋಸ್ ಪಡೆದರು. ಎಚ್‌ಪಿವಿಯ ಉಚಿತ ಅವಧಿ ಮುಗಿಯುತ್ತಿದೆ ಎಂಬ ಪ್ರಚಾರ ಜೋರಾದ 2024ರ ಬೇಸಿಗೆಯಲ್ಲಿ ಯುವತಿಯರು ಎಷ್ಟು ಸಂಖ್ಯೆಯಲ್ಲಿ ಬಂದರೆಂದರೆ ಲಸಿಕೆಯೇ ಸಾಲದಾಯಿತು. ಮೊದಲ ಡೋಸ್ ಪಡೆದವರಿಗೆ ಉಳಿದವನ್ನು ಪೂರೈಸಲು 2026ರ ಮಾರ್ಚಿನವರೆಗೆ ಅವಧಿ ವಿಸ್ತರಿಸಬೇಕಾಯಿತು.

ಲಸಿಕೆಯೂ ಉದ್ಯೋಗಸ್ಥಳವೂ ನೇರವಾಗಿ ಸಂಧಿಸಿದ ಇನ್ನೊಂದು ಪ್ರಸಂಗವಿದೆ. ರುಬೆಲ್ಲಾ ಗರ್ಭಿಣಿಗೆ ತಗುಲಿದರೆ ಹುಟ್ಟುವ ಮಗುವಿಗೆ ಕಿವುಡುತನ, ಕಣ್ಣಿನ ಪೊರೆ, ಹೃದಯದ ದೋಷ ಬರಬಹುದು. ಇದು ಹೆಂಗಸರ ಸಮಸ್ಯೆಯೆಂದು ಬಗೆದು ಜಪಾನ್ 1977ರಲ್ಲಿ ಶಾಲಾ ಹುಡುಗಿಯರಿಗಷ್ಟೇ ಲಸಿಕೆ ಆರಂಭಿಸಿತು. ಆಗ ಬಿಟ್ಟುಹೋದ ಹುಡುಗರು ಬೆಳೆದು ಕಚೇರಿ, ಕಾರ್ಖಾನೆಗಳನ್ನು ತುಂಬಿದರು. 2013ರಲ್ಲಿ ರೋಗ 14,000ಕ್ಕೂ ಹೆಚ್ಚು ಮಂದಿಗೆ ಹರಡಿತು. ಅವರಲ್ಲಿ ಬಹುಪಾಲು ದುಡಿಯುವ ಪ್ರಾಯದ ಪುರುಷರು. ಆ ಅಲೆಯಲ್ಲಿ 45 ಶಿಶುಗಳು ರುಬೆಲ್ಲಾದ ದೋಷಗಳೊಂದಿಗೆ ಹುಟ್ಟಿದವು. ಸ್ತ್ರೀಯ ಆರೋಗ್ಯ ಸ್ತ್ರೀಯೊಬ್ಬಳ ಹೊಣೆಯೆಂದು ಬಿಟ್ಟುಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದುಃಖದ ಸಾಕ್ಷಿ ಬೇಕಿಲ್ಲ. 2019ರಿಂದ ಆ ಪ್ರಾಯದ ಪುರುಷರಿಗೆ ಉಚಿತ ರಕ್ತಪರೀಕ್ಷೆ ಮತ್ತು ಲಸಿಕೆ ಕೊಡಲಾಯಿತು, ಉದ್ಯೋಗಸ್ಥಳದ ವಾರ್ಷಿಕ ತಪಾಸಣೆಯಲ್ಲೇ ಪರೀಕ್ಷೆ ಮಾಡಿಸಿಕೊಳ್ಳುವ ಅನುಕೂಲವನ್ನೂ ಕಲ್ಪಿಸಲಾಯಿತು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಜಪಾನಿನ ಮಾತು. ನಮ್ಮ ನೆಲದಲ್ಲೂ ಇದರ ಪ್ರತಿಧ್ವನಿಯಿದೆ. ಆಗ ಆಂಧ್ರಕ್ಕೆ ಸೇರಿದ್ದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಎಚ್‌ಪಿವಿ ಲಸಿಕೆಯ ಪ್ರಾಯೋಗಿಕ ಯೋಜನೆಯಲ್ಲಿ ಪಾಲ್ಗೊಂಡ ಏಳು ಬಾಲಕಿಯರು ಮರಣ ಹೊಂದಿದಾಗ 2010ರಲ್ಲಿ ಯೋಜನೆಯನ್ನು ನಿಲ್ಲಿಸಲಾಯಿತು. ಸಾವುಗಳಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಆದರೆ ಹೆತ್ತವರ ಒಪ್ಪಿಗೆಯನ್ನು ಸರಿಯಾಗಿ ಪಡೆದಿರಲಿಲ್ಲ ಎಂಬ ಗಂಭೀರ ಲೋಪ ಬಯಲಾಯಿತು. ದಡಾರ-ರುಬೆಲ್ಲಾ ಲಸಿಕಾ ಅಭಿಯಾನ 2017ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದಲೇ ಆರಂಭವಾದಾಗ ಅದನ್ನು ಗಂಡುಹೆಣ್ಣೆನ್ನದೆ ಎಲ್ಲ ಮಕ್ಕಳಿಗೂ ನೀಡಲಾಯಿತು. ಜಪಾನಿನ 1977ರ ತಪ್ಪು ಇಲ್ಲಿ ಮರುಕಳಿಸಲಿಲ್ಲ. ಆದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಅದೇ ವದಂತಿ ವಾಟ್ಸ್ಆ್ಯಪಿನಲ್ಲಿ ಮನೆಮನೆ ಹೊಕ್ಕಿತು. ಗರ್ಭಕಂಠದ ಕ್ಯಾನ್ಸರಿನಿಂದ ಭಾರತದಲ್ಲಿ 2020ರಲ್ಲಿ ಸುಮಾರು 77,000 ಮಹಿಳೆಯರು ತೀರಿಕೊಂಡರೆಂಬ ಅಂದಾಜಿದೆ. 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟವು ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ನೀಡಿತು. ಸ್ವಾಗತಾರ್ಹ ಹೆಜ್ಜೆಯಿದು. ಆದರೆ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ನಮ್ಮ ಹೆಣ್ಣುಮಗಳು ಸೂಪರ್‌ವೈಸರ್ ಮುಂದೆ ನಿಂತು ಅದನ್ನು ಕೇಳಬಲ್ಲಳೇ ಎಂಬುದೇ ಜಪಾನಿನ 0.9 ನಮಗೆ ಹಾಕುವ ಪ್ರಶ್ನೆ.

ನಮ್ಮ ಮನೆಗಳಲ್ಲಿ ಈ ವಿಷಯ ಎತ್ತಿದಾಗ ಒಂದು ಆಕ್ಷೇಪ ಕೇಳಿಬರುತ್ತದೆ: ನಮ್ಮ ಹೆಣ್ಣುಮಕ್ಕಳು ಶೀಲವಂತರು, ಅವರಿಗೇಕೆ ಇಂತಹ ಲಸಿಕೆ? ಶೀಲದ ಕುರಿತ ಈ ಕಾಳಜಿಯನ್ನು ನಾವು ಗೌರವಿಸುತ್ತೇವೆ. ಆದರೆ ಪತಿಯ ಹೊರತು ಅನ್ಯರನ್ನು ಅರಿಯದ ಪತ್ನಿಗೂ ಈ ವೈರಸ್ ತಗುಲಬಹುದು. ಆಕೆಯ ಶೀಲ ಆಕೆಯ ಕೈಯಲ್ಲಿದೆ, ಇನ್ನೊಬ್ಬರ ಗತಕಾಲ ಆಕೆಯ ಕೈಯಲ್ಲಿಲ್ಲ. ಈ ರೋಗ ಬಂದವಳ ನಡತೆಯನ್ನು ಶಂಕಿಸುವುದಂತೂ ಘೋರ ಅನ್ಯಾಯ. ಲಜ್ಜೆ ವಿಶ್ವಾಸದ ಭೂಷಣ, ನಿಜ. ಆದರೆ ಅದು ಜ್ಞಾನಕ್ಕೆ ಅಡ್ಡಿಯಾಗಬೇಕೆಂದು ಯಾರೂ ಕಲಿಸಿಲ್ಲ. ಮದೀನಾದ ಅನ್ಸಾರಿ ಮಹಿಳೆಯರು ಮುಟ್ಟಿನ ಕುರಿತಾದ ಸಂದೇಹಗಳನ್ನು ಪ್ರವಾದಿಯವರಲ್ಲಿ(ಸ) ನೇರವಾಗಿ ಕೇಳುತ್ತಿದ್ದರು, ಹಝ್ರತ್ ಆಯಿಶಾ(ರ) ಅದಕ್ಕಾಗಿ ಅವರನ್ನು ಮೆಚ್ಚಿಕೊಂಡಿದ್ದರು. ಇನ್ನು ವದಂತಿಯ ವಿಚಾರ. ಒಂದು ವರದಿಯನ್ನು ಸ್ವೀಕರಿಸುವ ಮೊದಲು ಅದನ್ನು ಹೇಳಿದವರು ಯಾರು, ಅವರು ಯಾರಿಂದ ಕೇಳಿದರು, ಅವರು ನಂಬಿಕಸ್ಥರೇ ಎಂದು ಕೊಂಡಿ ಕೊಂಡಿಯಾಗಿ ಪರಿಶೀಲಿಸುವ ಸನದ್‌ನ ಶಾಸ್ತ್ರವನ್ನು ಕಟ್ಟಿದ ಪರಂಪರೆ ನಮ್ಮದು. ಅದರ ವಾರಸುದಾರರು ಹೆಸರಿಲ್ಲದ ಸಂದೇಶವೊಂದನ್ನು ಹತ್ತು ಗುಂಪುಗಳಿಗೆ ದಾಟಿಸುವುದು ಶೋಭೆಯೇ?

ಆದ್ದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ಮಗಳು ಹತ್ತು ಹನ್ನೆರಡರ ಪ್ರಾಯಕ್ಕೆ ಬಂದಾಗ ಲಸಿಕೆಯ ಕುರಿತು ವೈದ್ಯರ ಬಳಿ ಕುಳಿತು ಮಾತನಾಡಿ, ಸಂಶಯವಿದ್ದರೆ ಅಲ್ಲಿಯೇ ಕೇಳಿ, ಮಗಳಿಗೂ ಕೇಳಲು ಬಿಡಿ. ತಾಯಿ ಮತ್ತು ಅತ್ತೆ ತಮ್ಮ ತಪಾಸಣೆಯನ್ನು ಮುಂದೂಡದಿರಲಿ. ಮನೆಯ ಗಂಡಸರು ಇದು ಹೆಂಗಸರ ವಿಷಯವೆಂದು ಎದ್ದು ಹೋಗದಿರಲಿ. ಉದ್ಯೋಗ ನೀಡುವ ಸ್ಥಾನದಲ್ಲಿರುವ ನಮ್ಮವರು, ಅಂಗಡಿಯಿರಲಿ ಶಾಲೆಯಿರಲಿ, ತಮ್ಮಲ್ಲಿ ದುಡಿಯುವ ಮಹಿಳೆ ಕಾರಣ ವಿವರಿಸದೆಯೇ ರಜೆ ಕೇಳಬಲ್ಲಂತಹ ವ್ಯವಸ್ಥೆ ಮಾಡಲಿ. ಮದ್ರಸಾದ ಉಸ್ತಾದರೂ ಮಹಿಳಾ ತರಗತಿಗಳನ್ನು ನಡೆಸುವ ಸಹೋದರಿಯರೂ ವರ್ಷಕ್ಕೊಮ್ಮೆಯಾದರೂ ವೈದ್ಯೆಯೊಬ್ಬರನ್ನು ಆಹ್ವಾನಿಸಲಿ. ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತ್ತು. ಒಂಬತ್ತು ವರ್ಷಗಳ ಮೌನದ ಬಾಕಿಯನ್ನು ಜಪಾನಿನ ಹೆಣ್ಣುಮಕ್ಕಳು ಇನ್ನೂ ಹಲವು ದಶಕ ತೀರಿಸಬೇಕಾಗಿದೆ. ನಮ್ಮ ಹೆಣ್ಣುಮಕ್ಕಳ ತಲೆಯ ಮೇಲೆ ಅಂತಹ ಸಾಲವನ್ನು ಹೊರಿಸದಿರೋಣ.